ಎರಡನೇ ಸ್ವಿಚ್ ಹಾಕಿದ ಮೇಲೆ ಪಂಪ್ ನಿಲ್ಲುತ್ತಿಲ್ಲವಾ? ಪಂಪ್ ಬಿಚ್ಚುವ ಮುಂಚೆ ಇದನ್ನು ನೋಡಿ

ನಮ್ಮದು ಹಳೇ ಟೆಂಪೋ ಟ್ರಾವೆಲರ್. ಸೀಟುಗಳನ್ನು ತೆಗೆಸಿ ಎರಡು ಮಂಚ, ಒಂದು ಸಣ್ಣ ಅಡುಗೆ ಕಟ್ಟೆ, ನೂರು ಲೀಟರಿನ ನೀರಿನ ಟ್ಯಾಂಕ್, ಹಿಂದೆ ಒಂದು ಷವರ್ ಕೂರಿಸಿ ಮೋಟಾರ್‌ಹೋಮ್ ಮಾಡಿಕೊಂಡಿದ್ದೇವೆ. ಬ್ಯಾಟರಿ, ಫ್ಯೂಸ್ ಬಾಕ್ಸ್, ನೀರಿನ ಪಂಪ್ ಮೂರೂ ಡ್ರೈವರ್ ಸೀಟಿನ ಹಿಂದಿನ ಬೆಂಚಿನ ಕೆಳಗಿವೆ. ಪಂಪಿನ ಸ್ವಿಚ್ ಬಾಗಿಲ ಪಕ್ಕದಲ್ಲಿದೆ. ಷವರ್ ಮಾತ್ರ ಗಾಡಿಯ ಕೊನೆಯಲ್ಲಿದೆ.

ಅವ್ವನಿಗೆ ಮೊಣಕಾಲು ನೋವು. ಕೈಕಾಲು ತೊಳೆಯಬೇಕೆಂದರೆ ಮುಂದೆ ಬಂದು ಸ್ವಿಚ್ ಹಾಕಬೇಕು, ಹಿಂದೆ ಹೋಗಬೇಕು, ಮತ್ತೆ ಮುಂದೆ ಬಂದು ಆಫ್ ಮಾಡಬೇಕು. ಸ್ವಿಚ್ ಆನ್ ಇಟ್ಟೇ ಬಿಡಬಹುದಲ್ವಾ ಅಂತ ನೀವು ಕೇಳಬಹುದು. ಬೇಡ. ಗಾಡಿ ಕುಲುಕಾಟಕ್ಕೆ ಎಲ್ಲಾದರೂ ಒಂದು ಪೈಪ್ ಕಳಚಿದರೆ ಟ್ಯಾಂಕ್ ಖಾಲಿಯಾಗುವವರೆಗೂ ಪಂಪ್ ನೀರನ್ನು ಗಾಡಿಯೊಳಗೇ ಸುರಿಯುತ್ತದೆ. ಅದಕ್ಕೇ ಷವರ್ ಹತ್ತಿರ ಇನ್ನೊಂದು ಸ್ವಿಚ್ ಬೇಕು ಅನ್ನಿಸಿತು. ಬಳ್ಳಾರಿಯಲ್ಲಿ ಒಂದು ಕಡೆ ಕೊಟ್ಟೆವು. ಅರ್ಧ ದಿನದಲ್ಲಿ ಹಾಕಿ ಕೊಟ್ಟರು. ಹಿಂದಿನ ಸ್ವಿಚ್ ಒತ್ತಿದರೆ ನೀರು ಬಂತು. ನಾವೂ ಖುಷಿಯಾಗಿ ಮನೆಗೆ ಬಂದೆವು.

ಮರುವಾರ ಆನೆಗೊಂದಿಗೆ ಹೋದೆವು. ಮಕ್ಕಳು ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿದು, ಧೂಳು ಕಾಲಲ್ಲೇ ಓಡಿ ಬಂದರು. ಹಿಂದಿನ ಸ್ವಿಚ್ ಹಾಕಿ ಕಾಲು ತೊಳೆಸಿದೆ. ನಲ್ಲಿ ಬಂದ್ ಮಾಡಿದೆ. ಪಂಪ್ ನಿಲ್ಲಲಿಲ್ಲ. ಗೊರ್ ಅಂತ ದಪ್ಪ ಸದ್ದಿನಲ್ಲಿ ಓಡುತ್ತಲೇ ಇತ್ತು. ಅದನ್ನು ಆಫ್ ಮಾಡಿ ಮುಂದಿನ ಸ್ವಿಚ್ ಹಾಕಿದೆ. ಎರಡು ಸೆಕೆಂಡಿನಲ್ಲಿ ಟಕ್ ಅಂತ ನಿಂತಿತು. ಅದೇ ಪಂಪ್, ಅದೇ ನಲ್ಲಿ. ಒಂದು ಸ್ವಿಚ್‌ನಲ್ಲಿ ನಿಲ್ಲುತ್ತದೆ, ಇನ್ನೊಂದರಲ್ಲಿ ನಿಲ್ಲುವುದಿಲ್ಲ.

ಈ ಒಂದು ಲಕ್ಷಣದಲ್ಲೇ ಉತ್ತರ ಇತ್ತು. ಆಗ ನನಗೆ ಅದು ಕಾಣಲಿಲ್ಲ. ಪ್ರೆಶರ್ ಸ್ವಿಚ್ ಹೋಗಿದೆ ಅಂತ ಅಂಗಡಿಯವರು ಹೇಳಿದರು, ನಾನು ನಂಬಿ ಹೊಸ ಪಂಪ್ ತಂದು ಹಾಕಿದೆ. ಹೊಸದೂ ಹಾಗೇ ಓಡಿತು. ನಿಮ್ಮ ದುಡ್ಡು ಹಾಗೆ ಹೋಗಬಾರದು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಪಂಪ್ ತಾನಾಗೇ ನಿಲ್ಲುವುದು ಹೇಗೆ

ಗಾಡಿಯಲ್ಲಿ ಹಾಕುವುದು 12 ವೋಲ್ಟಿನ ಡಯಾಫ್ರಾಮ್ ಪಂಪ್. ಅದರ ತಲೆಯ ಹತ್ತಿರ ಒಂದು ಪುಟ್ಟ ಪ್ರೆಶರ್ ಸ್ವಿಚ್ ಇರುತ್ತದೆ. ನಲ್ಲಿ ಮುಚ್ಚಿದಾಗ ಪೈಪಿನಲ್ಲಿ ಒತ್ತಡ ಏರುತ್ತದೆ. ನಮ್ಮ ಪಂಪಿನಲ್ಲಿ 45 ಪಿಎಸ್‌ಐ ಮುಟ್ಟಿದಾಗ ಅದು ಮೋಟಾರಿನ ಕರೆಂಟ್ ಕಡಿಯುತ್ತದೆ. ನಲ್ಲಿ ಬಿಟ್ಟಾಗ ಒತ್ತಡ ಇಳಿದು ಮತ್ತೆ ಸೇರಿಸುತ್ತದೆ. ಅಂದರೆ ನಾವು ಹಾಕುವ ಸ್ವಿಚ್ ಪಂಪಿಗೆ ಅನುಮತಿ ಕೊಡುತ್ತದೆ ಅಷ್ಟೇ. ಓಡಿಸುವುದು, ನಿಲ್ಲಿಸುವುದು ಒತ್ತಡದ ಕೆಲಸ.

ಈಗ ಮೋಟಾರಿಗೆ 12 ವೋಲ್ಟ್ ಬದಲು 10 ವೋಲ್ಟ್ ಸಿಕ್ಕರೆ ಏನಾಗುತ್ತದೆ? ಓಡುತ್ತದೆ. ನೀರೂ ಬರುತ್ತದೆ. ಆದರೆ 45 ಪಿಎಸ್‌ಐವರೆಗೆ ತಳ್ಳುವ ಶಕ್ತಿ ಸಾಲದು. ನಲ್ಲಿ ಮುಚ್ಚಿದ ಮೇಲೆ 35, 38ರ ಹತ್ತಿರ ಏದುಸಿರು ಬಿಡುತ್ತಾ ತಿರುಗುತ್ತಲೇ ಇರುತ್ತದೆ. ಪ್ರೆಶರ್ ಸ್ವಿಚ್ ಚೆನ್ನಾಗೇ ಇದೆ, ಆದರೆ ಅದನ್ನು ಒತ್ತುವಷ್ಟು ಒತ್ತಡವೇ ಬಂದಿಲ್ಲ. ಹಾಗೆ ಬಿಟ್ಟರೆ ಮೋಟಾರ್ ಕಾದು ಸುಡುತ್ತದೆ.

ಓಡುವಾಗ ಅಳೆಯಿರಿ

ವಾಪಸ್ ಬರುವಾಗ ಗಂಗಾವತಿಯಲ್ಲಿ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ನಿಲ್ಲಿಸಿದೆ. ನಾನು ಅವರನ್ನು ಕಾಕಾ ಅಂತಲೇ ಕರೆಯುವುದು. ಎಲ್ಲ ಕಡೆ ಮಲ್ಟಿಮೀಟರ್ ಹಿಡಿದು ನೋಡಿದ್ದೇನೆ, ಹಿಂದಿನ ಸ್ವಿಚ್‌ನಲ್ಲೂ 12.6 ಬರುತ್ತಿದೆ ಅಂದೆ.

"ಪಂಪ್ ಓಡೋವಾಗ ಹಿಡಿದಿಯೇನು ತಮ್ಮಾ?" ಅಂದರು.

ಹಿಡಿದಿರಲಿಲ್ಲ. ಪಂಪಿನ ವೈರ್ ಕಳಚಿ ಅದರ ತುದಿಗೆ ಹಿಡಿದಿದ್ದೆ. ಕರೆಂಟ್ ಹರಿಯದೆ ಇದ್ದಾಗ ಎಷ್ಟೇ ತೆಳು ವೈರ್ ಇರಲಿ, ಎಷ್ಟೇ ಸಡಿಲ ಜಾಯಿಂಟ್ ಇರಲಿ, ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಡಿಜಿಟಲ್ ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲ. ಪಂಪ್ ಆರು ಆಂಪಿಯರ್ ಎಳೆಯುವಾಗಲೇ ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗುವುದು.

ಕಾಕಾ ಮಾಡಿದ ಕ್ರಮ ಇದು, ನೀವೂ ಹೀಗೇ ಮಾಡಿ. ಒಬ್ಬರು ನಲ್ಲಿ ಬಿಟ್ಟುಕೊಂಡು ಪಂಪ್ ಓಡಿಸುತ್ತಿರಲಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಮೊದಲು ಬ್ಯಾಟರಿಯ ಎರಡು ತುದಿಗೆ ಹಿಡಿಯಿರಿ. ಆಮೇಲೆ ಪಂಪಿನ ಎರಡು ವೈರಿಗೆ ಹಿಡಿಯಿರಿ. ಮುಂದಿನ ಸ್ವಿಚ್‌ನಲ್ಲಿ ಒಮ್ಮೆ, ಹಿಂದಿನ ಸ್ವಿಚ್‌ನಲ್ಲಿ ಒಮ್ಮೆ. ನಮ್ಮ ಗಾಡಿಯಲ್ಲಿ ಬ್ಯಾಟರಿ 12.5 ಇತ್ತು. ಮುಂದಿನ ಸ್ವಿಚ್‌ನಲ್ಲಿ ಪಂಪಿಗೆ 12.05 ಸಿಗುತ್ತಿತ್ತು. ಹಿಂದಿನದರಲ್ಲಿ ಬರೀ 10. ಎರಡೂವರೆ ವೋಲ್ಟ್ ದಾರಿಯಲ್ಲೇ ಹೋಗುತ್ತಿತ್ತು.

ಎಲ್ಲಿ ಹೋಯಿತು ಅಂತ ಹುಡುಕಲು ಮೀಟರಿನ ಎರಡೂ ಕಡ್ಡಿಗಳನ್ನು ಒಂದೇ ವೈರಿನ ಎರಡು ತುದಿಗೆ ಹಿಡಿಯಬೇಕು. ಪ್ಲಸ್ಸಿಗೊಂದು, ಅರ್ತ್‌ಗೊಂದು ಅಲ್ಲ. (ಗಾಡಿಯಲ್ಲಿ ಅರ್ತ್ ಅಂದರೆ ಬ್ಯಾಟರಿಯ ಮೈನಸ್ ಸೇರಿಸಿರುವ ಗಾಡಿಯ ಬಾಡಿ.) ಒಳ್ಳೆ ವೈರ್ ಆದರೆ ಸೊನ್ನೆಯ ಹತ್ತಿರ ಓದುತ್ತದೆ. ಜಾಸ್ತಿ ತೋರಿಸಿದರೆ ಅಷ್ಟು ವೋಲ್ಟ್ ಆ ತುಂಡಿನಲ್ಲೇ ಕಳೆದುಹೋಗುತ್ತಿದೆ ಅಂತ ಅರ್ಥ. ಉದ್ದದ ವೈರಿಗೆ ಕಡ್ಡಿ ಮುಟ್ಟುವುದಿಲ್ಲ, ಬೇರೆ ಒಂದು ವೈರ್ ತುಂಡನ್ನು ಕಡ್ಡಿಗೆ ಸುತ್ತಿ ಉದ್ದ ಮಾಡಿಕೊಳ್ಳಿ. ಅದರಿಂದ ಅಳತೆ ಕೆಡುವುದಿಲ್ಲ.

ನಮ್ಮಲ್ಲಿ ಫ್ಯೂಸ್‌ವರೆಗೆ 0.1 ಹೋಗಿತ್ತು. ಹಿಂದಕ್ಕೆ ಹೋಗುವ ಆರು ಮೀಟರ್ ವೈರಿನಲ್ಲಿ 0.85. ಸ್ವಿಚ್ಚಿನ ಒಳಗೆ 0.05, ಅಂದರೆ ಸ್ವಿಚ್ ಚೆನ್ನಾಗಿದೆ. ವಾಪಸ್ ಬರುವ ಆರು ಮೀಟರಿನಲ್ಲಿ ಮತ್ತೆ 0.85. ಅದರ ನಡುವೆ ಷವರಿನ ಹಲಗೆ ಹಿಂದೆ ಒಂದೇ ಒಂದು ಜಾಯಿಂಟಿನಲ್ಲಿ 0.4. ಕೊನೆಗೆ ಪಂಪಿನ ಅರ್ತ್ ಬೋಲ್ಟಿನಲ್ಲಿ 0.25. ಕೂಡಿಸಿ ನೋಡಿ, ಸರಿಯಾಗಿ ಎರಡೂವರೆ. ಕೂಡಿಕೆ ತಾಳೆಯಾದರೆ ಅಳತೆ ಸರಿ ಇದೆ ಅಂತ ಧೈರ್ಯವಾಗಿ ಮುಂದೆ ಹೋಗಬಹುದು.

ಹಾಕಿದ್ದು 0.75 ಚದರ ಮಿಲಿಮೀಟರಿನ ವೈರ್. ಈ ಲೆಕ್ಕವನ್ನು ನೀವೇ ಮಾಡಬಹುದು. ತಾಮ್ರದ ವೈರಿನಲ್ಲಿ ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ದಪ್ಪಕ್ಕೆ ಸುಮಾರು 0.0175 ಓಮ್. ಹೋಗಿ ಬರುವ 12 ಮೀಟರಿಂದ ಗುಣಿಸಿ 0.75ರಿಂದ ಭಾಗಿಸಿದರೆ 0.28 ಓಮ್. ಆರು ಆಂಪಿಯರಿಗೆ 1.7 ವೋಲ್ಟ್ ನಷ್ಟ. ಅದೇ ಜಾಗಕ್ಕೆ 2.5ರ ವೈರ್ ಹಾಕಿದ್ದರೆ ಅರ್ಧ ವೋಲ್ಟಿನಲ್ಲಿ ಮುಗಿಯುತ್ತಿತ್ತು. ಮನೆಯ 230 ವೋಲ್ಟಿನಲ್ಲಿ 1.7 ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. 12ರಲ್ಲಿ ಹೋದರೆ ಪಂಪ್ ನಿಲ್ಲುವುದೇ ಇಲ್ಲ. ಮನೆ ವೈರಿಂಗ್ ಮಾಡುವವರು ಗಾಡಿಗೆ ಕೈ ಹಾಕಿದಾಗ ಜಾಸ್ತಿ ತಪ್ಪುವುದು ಇಲ್ಲೇ.

ಆ ಜಾಯಿಂಟ್ ಬಗ್ಗೆ ಹೇಳಲೇಬೇಕು. ವೈರ್ ಗಿಡ್ಡವಾಗಿತ್ತು ಅಂತ ಎರಡು ತುದಿ ಹೊಸೆದು ಟೇಪ್ ಸುತ್ತಿದ್ದರು. ಟೇಪ್ ಬಿಚ್ಚಿದರೆ ಅಂಟು ಕರಗಿ ಕೈಗೆ ಮೆತ್ತಿಕೊಂಡಿತು. ಒಳಗೆ ತಾಮ್ರ ಹೊಳೆಯುತ್ತಿರಲಿಲ್ಲ, ಕಪ್ಪಾಗಿತ್ತು. ಎಳೆಗಳ ಸಂದಿಯಲ್ಲೆಲ್ಲ ಕೆಂಪು ಪುಡಿ. ಸಂಡೂರು ಕಡೆ ಅದಿರು ಲಾರಿಗಳ ಹಿಂದೆ ಓಡಾಡಿದ ಗಾಡಿಗೆ ಆ ಕೆಂಧೂಳು ನುಗ್ಗದ ಜಾಗವೇ ಇಲ್ಲ. ಅದರ ಮೇಲೆ ಷವರಿನ ತೇವ, ನಮ್ಮ ಕಡೆಯ ಬೇಸಿಗೆಯ 40 ಡಿಗ್ರಿ ದಾಟುವ ಬಿಸಿಲು. ಬಂದ್ ಮಾಡಿದ ಗಾಡಿಯೊಳಗೆ ಇನ್ನೂ ಜಾಸ್ತಿ. ಟೇಪಿನ ಜಾಯಿಂಟ್ ಎಷ್ಟು ದಿನ ತಡೆದೀತು? ಕ್ರಿಂಪ್ ಮಾಡುವ, ಅಂದರೆ ಇಕ್ಕಳದಲ್ಲಿ ಒತ್ತಿ ಬಿಗಿಸುವ ಕನೆಕ್ಟರ್ ಹಾಕಿ, ಮೇಲೆ ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಟ್ಯೂಬ್ ಕೂರಿಸಿ. ಸಾಧ್ಯವಾದರೆ ಷವರ್ ಹತ್ತಿರ ಜಾಯಿಂಟೇ ಬರದಂತೆ ಒಂದೇ ವೈರ್ ಎಳೆಯಿರಿ.

ಅರ್ತ್ ಬೋಲ್ಟ್ ಬಿಚ್ಚಿದಾಗ ವಾಷರಿನ ಕೆಳಗೆ ಪೇಂಟ್ ಹಾಗೇ ಇತ್ತು. ಉಪ್ಪುಕಾಗದದಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದೆವು. 0.25 ಇದ್ದದ್ದು 0.05ಕ್ಕೆ ಇಳಿಯಿತು. ಇದು ಐದು ನಿಮಿಷದ ಕೆಲಸ, ಖರ್ಚೇ ಇಲ್ಲ.

ದಪ್ಪ ವೈರ್ ಎಳೆಯದೆ ಸರಿಮಾಡಿದ್ದು

ಗೋಡೆಯ ಹಲಗೆ ಎಲ್ಲ ಬಿಚ್ಚಿ 2.5ರ ವೈರ್ ಎಳೆಯಬೇಕಾ ಅಂತ ಕೇಳಿದೆ. "ಬ್ಯಾಡ, ರಿಲೇ ಹಾಕೋಣ" ಅಂದರು ಕಾಕಾ. ಹಾರ್ನಿಗೆ, ಹೆಡ್‌ಲೈಟಿಗೆ ಹಾಕುವ ಮಾಮೂಲಿ 12 ವೋಲ್ಟಿನ ರಿಲೇ. ಅದರೊಳಗಿನ ಕಾಯಿಲಿಗೆ, ಅಂದರೆ ವೈರಿನ ಸುರುಳಿಗೆ, ಚೂರು ಕರೆಂಟ್ ಕೊಟ್ಟರೆ ದೊಡ್ಡ ಕರೆಂಟಿನ ಸ್ವಿಚ್ ತಾನೇ ಸೇರಿಕೊಳ್ಳುತ್ತದೆ. ಯಾವ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಅದರ ಕಾಲುಗಳ ಮೇಲೆ 30, 87, 85, 86 ಅಂತ ಅಂಕಿ ಇರುತ್ತದೆ. ಫ್ಯೂಸಿನಿಂದ 2.5ರ ವೈರ್ ನೇರ 30ಕ್ಕೆ, 87ರಿಂದ ಪಂಪಿಗೆ. ಎರಡೂ ಬೆಂಚಿನ ಕೆಳಗೇ ಇರುವುದರಿಂದ ಒಂದು ಮೀಟರ್ ವೈರ್ ಸಾಕು. 85 ಅರ್ತ್‌ಗೆ. 86ಕ್ಕೆ ಸ್ವಿಚ್‌ಗಳಿಂದ ಬರುವ ವೈರ್.

ಈಗ ಹಿಂದಿನ ಸ್ವಿಚ್‌ವರೆಗೆ ಹೋಗಿ ಬರುವುದು ಪಂಪಿನ ಆರು ಆಂಪಿಯರ್ ಅಲ್ಲ, ರಿಲೇ ಕಾಯಿಲಿನ 0.15 ಆಂಪಿಯರ್ ಅಷ್ಟೇ. ಅದೇ ತೆಳು ವೈರಿನಲ್ಲಿ ನಷ್ಟ 0.04 ವೋಲ್ಟ್. ಗೋಡೆ ಬಿಚ್ಚುವ ಕೆಲಸ ತಪ್ಪಿತು.

ಒಂದು ಮಾತು ಮರೆಯಬೇಡಿ. ಫ್ಯೂಸ್ ಇರುವುದು ವೈರನ್ನು ಕಾಯಲು. ಈ ತೆಳು ವೈರಿನಲ್ಲಿ ಈಗ ಹರಿಯುವುದು 0.15 ಆಂಪಿಯರ್ ಅಷ್ಟೇ, ಅದಕ್ಕೆ ಪಂಪಿನ ಹತ್ತು ಆಂಪಿಯರ್ ಫ್ಯೂಸ್ ತೀರಾ ದೊಡ್ಡದು. ಸ್ವಿಚ್ ವೈರಿಗೆ ಬೇರೆ 2 ಆಂಪಿಯರ್ ಫ್ಯೂಸ್ ಹಾಕಿ. ರಿಲೇ ಆನ್ ಇರುವಷ್ಟು ಹೊತ್ತೂ ಕಾಯಿಲ್ ಬ್ಯಾಟರಿ ತಿನ್ನುತ್ತದೆ, ಇಡೀ ದಿನ ಮರೆತರೆ ಸುಮಾರು 3.6 ಆಂಪಿಯರ್ ಅವರ್.

ಕೆಲವರು ಕಾಯಿಲಿಗೆ ಅಡ್ಡ ಒಂದು ಡಯೋಡ್ (ಒಂದೇ ದಿಕ್ಕಿನಲ್ಲಿ ಕರೆಂಟ್ ಬಿಡುವ ಪುಟ್ಟ ಭಾಗ) ಹಾಕುತ್ತಾರೆ, 1ಎನ್4007 ಸಾಕು. ಕಾಯಿಲ್ ಬಿಡುವಾಗ ಏಳುವ ಕಿಡಿಯಿಂದ ಸ್ವಿಚ್ ಉಳಿಯುತ್ತದೆ. ಬಿಳಿ ಗೆರೆ ಇರುವ ತುದಿ 86ರ ಕಡೆ, ಅಂದರೆ ಪ್ಲಸ್ ಕಡೆ ಇರಬೇಕು. ತಿರುಗಾ ಹಾಕಿದರೆ ಸ್ವಿಚ್ ಒತ್ತಿದ ಕೂಡಲೇ ಫ್ಯೂಸ್ ಹೋಗುತ್ತದೆ.

ಆಫ್ ಮಾಡಿದರೂ ಓಡುತ್ತದೆ ಅನ್ನುವವರಿಗೆ

ಎರಡು ಸ್ವಿಚ್‌ಗಳನ್ನು ಸುಮ್ನೆ ಪ್ಯಾರಲಲ್ ಹಾಕಿದರೆ ಎರಡೂ ಆಫ್ ಆದಾಗಲೇ ಪಂಪಿಗೆ ಕರೆಂಟ್ ನಿಲ್ಲುವುದು. ಹಿಂದೆ ಅವ್ವ ಆನ್ ಬಿಟ್ಟು ಮಲಗಿದ್ದರೆ ಮುಂದೆ ನೀವು ಎಷ್ಟು ಸಲ ಒತ್ತಿದರೂ ಆಗುವುದಿಲ್ಲ. ಇದು ದೋಷ ಅಲ್ಲ, ಆ ವೈರಿಂಗಿನ ಗುಣವೇ ಹಾಗೆ. ಸೀರೀಸ್ ಆಗಿದ್ದರೆ ತದ್ವಿರುದ್ಧ. ಎರಡೂ ಆನ್ ಇದ್ದರೆ ಮಾತ್ರ ಪಂಪ್ ಓಡುತ್ತದೆ. ಇದು ತಪ್ಪು ಜೋಡಣೆ.

ನನಗೆ ಒಪ್ಪಿದ್ದು ಮೆಟ್ಟಿಲಿನ ಲೈಟಿನ ಪದ್ಧತಿ, ಅಂದರೆ ಎರಡು ಟೂವೇ ಸ್ವಿಚ್. ಕೆಳಗೆ ಹಾಕಿ ಮೇಲೆ ಆರಿಸುತ್ತೇವಲ್ಲ, ಹಾಗೆ. ಮುಂದಿನ ಸ್ವಿಚ್ಚಿನ ಕಾಮನ್ ಕಾಲಿಗೆ ಪ್ಲಸ್, ಎರಡು ಸ್ವಿಚ್‌ಗಳ ಪಕ್ಕದ ಕಾಲುಗಳ ನಡುವೆ ಎರಡು ವೈರ್, ಹಿಂದಿನ ಸ್ವಿಚ್ಚಿನ ಕಾಮನ್‌ನಿಂದ ವಾಪಸ್ ರಿಲೇಯ 86ಕ್ಕೆ. ಹಿಂದಕ್ಕೆ ಮೂರು ವೈರ್ ಬೇಕು. ನಮ್ಮಲ್ಲಿ ಎರಡಿತ್ತು, ಅದೇ ಪೈಪಿನಲ್ಲಿ ಇನ್ನೊಂದು ತೂರಿಸಿದೆವು.

ಕಾಮನ್ ಕಾಲು ತಪ್ಪಾದರೆ ಲಕ್ಷಣ ಸ್ಪಷ್ಟ. ಎರಡೂ ಸ್ವಿಚ್ ಒಂದು ನಿರ್ದಿಷ್ಟ ಕಡೆಗೆ ಒತ್ತಿದ್ದಾಗ ಮಾತ್ರ ಪಂಪ್ ಓಡುತ್ತದೆ, ಉಳಿದ ಮೂರು ರೀತಿಯಲ್ಲೂ ಸತ್ತಂತೆ ಇರುತ್ತದೆ. ಕಾಮನ್ ಯಾವುದು ಅಂತ ಊಹೆ ಮಾಡಬೇಡಿ. ಸ್ವಿಚ್ ಬಿಚ್ಚಿ, ಮೀಟರನ್ನು ಬೀಪ್‌ಗೆ ಇಟ್ಟು ನೋಡಿ. ಒಂದು ಕಡೆ ಒತ್ತಿದಾಗ ಒಂದು ಕಾಲಿನ ಜೊತೆ, ಇನ್ನೊಂದು ಕಡೆ ಒತ್ತಿದಾಗ ಮತ್ತೊಂದರ ಜೊತೆ ಯಾವುದು ಬೀಪ್ ಆಗುತ್ತದೋ ಅದೇ ಕಾಮನ್. ನಡುವೆ ನಿಲ್ಲುವ, ಮೂರು ಸ್ಥಾನದ ಟಾಗಲ್ ಕೊಟ್ಟರೆ ತೆಗೆದುಕೊಳ್ಳಬೇಡಿ. ನಡುವೆ ಬಿಟ್ಟರೆ ಇನ್ನೊಂದು ಸ್ವಿಚ್ಚೂ ಸಾಯುತ್ತದೆ.

ಮೂರು ಕಾಲಿನ ಲೈಟ್ ಸ್ವಿಚ್

ಇಲ್ಲಿ ನಾನು ಅರ್ಧ ದಿನ ಕಳೆದೆ. ಟೂವೇ ಕೇಳಿದಾಗ ಅಂಗಡಿಯಲ್ಲಿ ಮೂರು ಕಾಲಿನ, ಒಳಗೆ ಕೆಂಪು ಲೈಟ್ ಇರುವ ಸ್ವಿಚ್ ಕೊಟ್ಟರು. ಮೂರು ಕಾಲಿದ್ದದ್ದೆಲ್ಲ ಟೂವೇ ಅಲ್ಲ. ಅದು ಬರೀ ಆನ್ ಆಫ್ ಸ್ವಿಚ್. ಮೂರನೇ ಕಾಲು, ಸಾಮಾನ್ಯವಾಗಿ ಹಿತ್ತಾಳೆ ಬಣ್ಣದ್ದು, ಒಳಗಿನ ಎಲ್‌ಇಡಿಗೆ ಅರ್ತ್ ಕೊಡಲು ಇರುವುದು.

ಅದನ್ನು ಹೊರಹೋಗುವ ಕಾಲು ಅಂದುಕೊಂಡು ನಾನು ಪಂಪಿನ ವೈರ್ ಕೊಟ್ಟು ನೋಡಿದೆ. ಸ್ವಿಚ್ಚಿನ ಲೈಟ್ ಹತ್ತಿತು, ಪಂಪ್ ಅಲ್ಲಾಡಲಿಲ್ಲ. ಕರೆಂಟ್ ಎಲ್ಲ ಎಲ್‌ಇಡಿ ಮೂಲಕವೇ ಹೋಗಬೇಕು, ಅದು ಬಿಡುವುದು ಕೆಲವೇ ಮಿಲಿ ಆಂಪಿಯರ್. ಪಂಪಿನ ವೈರ್ ಕಳಚಿ ಅಲ್ಲಿ ಮೀಟರ್ ಹಿಡಿದರೆ ಹತ್ತು ವೋಲ್ಟ್ ತೋರಿಸಿತು. ಕಾಕಾ ತಮ್ಮ ಟೆಸ್ಟ್ ಲ್ಯಾಂಪ್ ತಂದು ಅದೇ ಜಾಗಕ್ಕೆ ಮುಟ್ಟಿಸಿದರು. ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರ್, ಒಂದು ಕ್ಲಿಪ್, ಒಂದು ಮೊಳೆ ಬೆಸೆದದ್ದು ಅದು. ಬಲ್ಬ್ ಹತ್ತಲೇ ಇಲ್ಲ. ಅಂಥದ್ದೊಂದು ಮಾಡಿ ಗಾಡಿಯಲ್ಲಿ ಇಟ್ಟುಕೊಳ್ಳಿ. ಒಂದೂಮುಕ್ಕಾಲು ಆಂಪಿಯರ್ ಎಳೆಯುವ ಬಲ್ಬ್ ಹತ್ತಿದರೆ ಅಲ್ಲಿ ನಿಜವಾಗಿ ಕರೆಂಟ್ ಇದೆ.

ಇದೇ ಸ್ವಿಚ್‌ನಲ್ಲಿ ಅರ್ತ್ ವೈರನ್ನು ಪಂಪಿಗೆ ಹೋಗಬೇಕಾದ ನಡುವಿನ ಕಾಲಿಗೆ ಕೊಟ್ಟರೆ, ಆಫ್ ಇದ್ದಾಗ ಸುಮ್ಮನಿದ್ದು ಆನ್ ಮಾಡಿದ ತಕ್ಷಣ ಫ್ಯೂಸ್ ಹೋಗುತ್ತದೆ. ಪ್ಯಾರಲಲ್ ಹಾಕಿದ ಎರಡು ಲೈಟ್ ಸ್ವಿಚ್‌ಗಳಲ್ಲಿ ಒಂದನ್ನು ಒತ್ತಿದರೆ ಎರಡರ ಲೈಟೂ ಹತ್ತುತ್ತದೆ, ಅದಕ್ಕೆ ಹೆದರಬೇಡಿ. ಮನೆಯ 230 ವೋಲ್ಟಿನ ಸ್ವಿಚ್‌ಗಳನ್ನು ಪಂಪಿಗೆ ನೇರ ಹಾಕಬೇಡಿ. ಡಿಸಿಯಲ್ಲಿ ಕಿಡಿ ಬೇಗ ಆರುವುದಿಲ್ಲ, ಕಾಂಟ್ಯಾಕ್ಟ್ ಕರಕಲಾಗುತ್ತದೆ. ರಿಲೇ ಹಾಕಿದ ಮೇಲೆ ಕರೆಂಟ್ ಕಡಿಮೆ ಇರುವುದರಿಂದ ನಡೆಯುತ್ತದೆ.

ಪಂಪ್ ಅನುಮಾನ ಹೋಗಬೇಕಾದರೆ

ಎಲ್ಲಕ್ಕಿಂತ ಮುಂಚೆ ಮಾಡಬೇಕಾದ್ದು ಎರಡು ನಿಮಿಷದ ಕೆಲಸ. ಪಂಪಿನ ವೈರ್ ಕಳಚಿ, ಹತ್ತು ಆಂಪಿಯರ್ ಫ್ಯೂಸ್ ಇರುವ ದಪ್ಪ ವೈರಿನಲ್ಲಿ ನೇರ ಬ್ಯಾಟರಿಗೆ ಕೊಡಿ. ಓಡಿ, ನಲ್ಲಿ ಮುಚ್ಚಿದಾಗ ನಿಂತರೆ ಪಂಪಿನಲ್ಲಿ ದೋಷವಿಲ್ಲ, ದಾರಿಯಲ್ಲಿದೆ. ಇದೊಂದನ್ನು ಮಾಡಿದ್ದರೆ ನಾನು ಹೊಸ ಪಂಪ್ ತರುತ್ತಿರಲಿಲ್ಲ.

ಬ್ಯಾಟರಿಗೆ ನೇರ ಕೊಟ್ಟರೂ ನಿಲ್ಲದಿದ್ದರೆ ನೀರಿನ ಕಡೆ ನೋಡಿ. ಟ್ಯಾಂಕಿನಲ್ಲಿ ನೀರಿದೆಯಾ, ಹೀರುವ ಪೈಪಿನ ಕ್ಲಿಪ್ ಸಡಿಲಾಗಿ ಗಾಳಿ ಎಳೆಯುತ್ತಿದೆಯಾ? ಪಂಪಿನ ಮುಂದಿನ ಜಾಲರಿ ಬಿಚ್ಚಿ ನೋಡಿ. ನಮ್ಮ ಕಡೆ ಬೋರ್‌ವೆಲ್ ನೀರು ತುಂಬಿಸಿದರೆ ಬಿಳಿ ಪೊರೆ ಕಟ್ಟುತ್ತದೆ, ವಿನಿಗರ್‌ನಲ್ಲಿ ನೆನೆಸಿದರೆ ಬಿಡುತ್ತದೆ. ಎಲ್ಲ ನಲ್ಲಿ ಮುಚ್ಚಿದ್ದರೂ ರಾತ್ರಿ ಐದತ್ತು ನಿಮಿಷಕ್ಕೊಮ್ಮೆ ಪಂಪ್ ಟರ್ ಅಂದು ನಿಲ್ಲುತ್ತಿದ್ದರೆ ಎಲ್ಲೋ ತೊಟ್ಟಿಕ್ಕುತ್ತಿದೆ, ಇಲ್ಲವೇ ಪಂಪಿನ ವಾಲ್ವ್ ನೀರನ್ನು ಹಿಂದೆ ಬಿಡುತ್ತಿದೆ. ಅದಕ್ಕೂ ಸ್ವಿಚ್ಚಿಗೂ ಸಂಬಂಧ ಇಲ್ಲ.

ಕೆಲಸ ಮುಗಿದ ಮೇಲೆ ಮತ್ತೆ ಅದೇ ಅಳತೆ ತೆಗೆದೆವು. ಬ್ಯಾಟರಿ 12.5, ಪಂಪಿನಲ್ಲಿ 12.3. ಮುಂದಿನ ಸ್ವಿಚ್‌ನಲ್ಲೂ ಅಷ್ಟೇ, ಹಿಂದಿನದರಲ್ಲೂ ಅಷ್ಟೇ. ಎರಡರಲ್ಲೂ ನಲ್ಲಿ ಮುಚ್ಚಿದಾಗ ಟಕ್ ಅಂತ ನಿಂತಿತು. ಹಿಂದಿನ ಸ್ವಿಚ್ಚನ್ನು ನೀರು ಹಾರದಂತೆ ಷವರಿನ ಹಲಗೆಯ ಹೊರಗೆ, ಅವ್ವ ಕೂತಲ್ಲಿಂದಲೇ ಕೈಗೆ ಸಿಗುವ ಎತ್ತರಕ್ಕೆ ಇಳಿಸಿ, ರಬ್ಬರ್ ಟೋಪಿ ಹಾಕಿದೆವು. ಯಾವ ಬಣ್ಣದ ವೈರ್ ಯಾವ ಕಾಲಿಗೆ ಅಂತ ಒಂದು ಚೀಟಿಯಲ್ಲಿ ಬರೆದು, ಆ ಅಳತೆಗಳ ಜೊತೆಗೇ ಬೆಂಚಿನ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ತೆಗೆದಿಟ್ಟ ಹಳೇ ಪಂಪನ್ನು ಮತ್ತೆ ಅದರ ಜಾಗಕ್ಕೇ ಕೂರಿಸಿದೆ. ಈಗಲೂ ಅದೇ ಓಡುತ್ತಿದೆ.